ಎರಡನೆಯದು

ಊಟದ ಮೇಜಿಗೆ ಹರಕು ಹಾಯಿಯೊಂದನ್ನು ಹಾಸಿ
ನನ್ನ ತಮ್ಮ ಬಲ್ದೊಮೆರೊ ಒಂದೊಂದೇ ಇಡುತ್ತಾನೆ
ಬೀಗರ ಮುಂದೆ ಒಡವೆ ಇಟ್ಟ ಹಾಗೆ:
ಪಂಪಿನ ರಬ್ಬರು ಚಕ್ರ ನಾಲ್ಕು, ಡೀಸೆಲ್ ಫಿಲ್ಟರು ಹನ್ನೆರಡು,
ತಾಮ್ರದ ವಾಷರು ಒಂದು ಡಬ್ಬಿ,
ಹಾಯಿ ಹೊಲಿಯಲು ಮೇಣದ ದಾರ, ಡೊಂಕು ಸೂಜಿ,
ಎಂಜಿನ್ನಿಗೊಂದು ಬೆಲ್ಟು, ಆ ಬೆಲ್ಟಿಗೊಂದು ಬೆಲ್ಟು.

ಹೊರಗೆ ವಾಲ್ದಿವಿಯದ ನದಿ. ಮೀನುಪೇಟೆಯ ಹಿಂದೆ
ಕಡಲಸಿಂಹಗಳ ಜಗಳ, ಎಸೆದ ಮೀನುತಲೆಗೆ.
ಅವಕ್ಕೆ ಬಿಡಿಭಾಗದ ಚಿಂತೆಯಿಲ್ಲ.
ನಮ್ಮ ದೋಣಿ ಅಲ್ಲೇ ಕೆಳಗೆ, ಹೆಸರು ಕೆಲ್ತೆವೆ,
ಅಂದರೆ ಇಲ್ಲಿಯ ಹುಲ್ಲುಗಾವಲ ಟಿಟ್ಟಿಭ,
ನೆಲದ ನಂಟು ಬಿಡದ ಹಕ್ಕಿ. ಅಪ್ಪ ಇಟ್ಟ ಹೆಸರು, ತಮಾಷೆಗೆ.
ಇಲ್ಲಿಂದ ಮಾರ್ಕೇಸಸ್ ದ್ವೀಪಕ್ಕೆ ನಲವತ್ತು ದಿನ, ಗಾಳಿ ಒಲಿದರೆ.
ನಡುವೆ ಅಂಗಡಿಯಿಲ್ಲ.

ಮೂವತ್ತೊಂದು ವರ್ಷ ಭೂಗೋಳ ಕಲಿಸಿದವಳು ನಾನು.
ಮಕ್ಕಳ ನಕಾಶೆಯಲ್ಲಿ ಆ ಜಾಗ
ನೀಲಿ ಬಳಿದು ಮುಗಿಸಿಬಿಡುವಂಥದ್ದು,
ಎರಡು ಬೆರಳಗಲ.

ಇರಲಿ ಬಿಡು, ಅನ್ನುವುದು ಅವನ ಮಾತು.
ತೂಕ ಎಷ್ಟು, ಅನ್ನುವುದು ನನ್ನದು.
ಬಚ್ಚಲ ತಕ್ಕಡಿಯ ಮೇಲೆ ಅವನನ್ನೇ ನಿಲ್ಲಿಸಿ
ಕೈತುಂಬ ಕಬ್ಬಿಣ ಹೊರಿಸಿ, ಮೂರು ಸಲ,
ಮೂರು ಸಲವೂ ತಮ್ಮನನ್ನು ಕಳೆದೆ:
ನೂರಾ ಮೂವತ್ತೆಂಟು ಕಿಲೋ.
ಏನಾದರೂ ಹೊರಗಿಡು ಎಂದೆ.
ಅಪ್ಪನ ಕಾಲದ ಡೈನಮೋ ಎತ್ತಿ ತೊಡೆಯ ಮೇಲಿಟ್ಟುಕೊಂಡ.
ಈಗ ಅದು ಯಾವುದಕ್ಕೂ ಹೊಂದದು, ಅವನಿಗೂ ಗೊತ್ತು.
ಕೆಳಗಿಡಲೇ ಇಲ್ಲ.
ನಾನು ಎರಡು ನಿಘಂಟು ಹೊರಗಿಟ್ಟೆ, ಒಂದು ಉಣ್ಣೆಯ ಕೋಟು.

ಬಂದರಿನ ಅಂಗಡಿಯ ಎರ್ಮೆಲಿಂದ ಹೇಳುತ್ತಾಳೆ:
ಒಯ್ದದ್ದು ಮುರಿಯುವುದಿಲ್ಲ ಕಣೆ,
ಮರೆತದ್ದೇ ಹೆಸರು ಹಿಡಿದು ಕೂಗುತ್ತದೆ.
ಹೀಗೆ ಹೇಳಿಯೇ ಇನ್ನೊಂದು ಶ್ಯಾಕಲ್ ಮಾರುತ್ತಾಳೆ.
ಆದರೆ ಬಾಗಿಲವರೆಗೆ ಬಂದು, ದುಡ್ಡು ಕೇಳದೆ ಕೊಟ್ಟ ಮಾತೂ ಉಂಟು:
ಹೊಸದನ್ನು ಇಲ್ಲೇ ಹಾಕಿ ಓಡಿಸಿ ನೋಡಿ,
ಹಳೆಯದನ್ನು ಕಟ್ಟಿಕೊಂಡು ಹೋಗಿ.
ಹಳೆಯದು ಹೊಂದುತ್ತದೆಂದು ಗೊತ್ತಲ್ಲ.
ಹಾಕಿ ನೋಡಿದರೆ ನಾಲ್ಕು ಚಕ್ರಗಳಲ್ಲಿ ಒಂದು
ಕೂದಲೆಳೆಯಷ್ಟು ದಪ್ಪ. ಕೂರಲಿಲ್ಲ.
ಅವಳೇ ಮಾರಿದ್ದು ಅದು.

ರಾತ್ರಿ ದೋಣಿಯೊಳಗೆ ದೀಪ ಆರಿಸಿ ಅಂದ:
ತೆಂಚಾ, ಚಕ್ರ ಬದಲಾಯಿಸು.
ಆರು ಸ್ಕ್ರೂ. ಬೆರಳೇ ಕಣ್ಣು, ಬೆರಳಿಗೆ ಗ್ರೀಸು.
ಐದು ಬಾಯಲ್ಲಿಟ್ಟುಕೊಂಡೆ, ಕಬ್ಬಿಣ ಉಪ್ಪುಪ್ಪು.
ಆರನೆಯದು ಜಾರಿ ತಳದ ನೀರಿಗೆ ಬಿತ್ತು,
ಟಣ್ ಅಂದದ್ದು ಇಬ್ಬರಿಗೂ ಕೇಳಿತು.
ಅವನು ಅಲುಗಲಿಲ್ಲ.
ಬಲ್ದೋ, ಎಂದೆ, ಸ್ಕ್ರೂ ಕಚ್ಚಿಕೊಂಡೇ.
ಉತ್ತರವಿಲ್ಲ. ಉಸಿರೂ ಇಲ್ಲ.
ತೋಳಳತೆಯಲ್ಲಿ ಕೂತವನು
ಇಲ್ಲದವನ ಹಾಗೆ ಇದ್ದ.
ಏನು ಕಲಿಸುತ್ತಿದ್ದಾನೆಂದು ಆಗ ತಿಳಿಯಿತು.
ಚೆನ್ನಾಗಿ ಬೈಯಬೇಕೆನಿಸಿತು,
ಬಾಯ್ತುಂಬ ಸ್ಕ್ರೂ.
ತಡವಿ, ತಡವಿ, ಹೊಸದರ ಎಸಳುಗಳನ್ನು ಒಂದೇ ಕಡೆಗೆ ಮಡಚಿ
ಒಳಗೆ ತಳ್ಳಿದೆ. ಮುಚ್ಚಳ ಮುಚ್ಚಿದೆ. ಕೀಲಿ ತಿರುವಿದೆ.
ಹಿಂಬದಿಯ ಕೊಳವೆಯಿಂದ ನೀರು ಉಗುಳಿತು ದೋಣಿ.
ಆಗ ಕೆಮ್ಮಿದ.

ಬೆಳಿಗ್ಗೆ ಪಟ್ಟಿಯ ಕೊನೆಗೆ ಅವನ ಕೈಬರಹ:
ಸ್ಕ್ರೂ, ಸಣ್ಣದು, ಹನ್ನೆರಡು.
ನಾನೂ ಔಷಧದಂಗಡಿಗೆ ಹೋಗಿ ಬಂದೆ.
ಅವನ ಎದೆನೋವಿನ ಗುಳಿಗೆಗಳ ಇನ್ನೊಂದು ಜೊತೆ,
ಕೇಳದೆ, ತಾಮ್ರದ ವಾಷರಿನ ಡಬ್ಬಿಯೊಳಗಿಟ್ಟೆ.
ತೂಕದ ಲೆಕ್ಕಕ್ಕೆ ಬರೆಯಲಿಲ್ಲ.

ಅಕ್ಕಿ, ನೀರು, ಡೀಸೆಲು, ಈ ಕಬ್ಬಿಣ, ಆ ಡೈನಮೋ
ಎಲ್ಲ ಏರಿದ ಮೇಲೆ ನೋಡಿದರೆ
ದೋಣಿಯ ಹೊಟ್ಟೆಯ ಕೆಂಪು ಗೆರೆ
ನೀರೊಳಗೆ ಮುಳುಗಿದೆ, ಎರಡು ಬೆರಳು.
ಏನೂ ಇಳಿಸಲಿಲ್ಲ ಬಲ್ದೊಮೆರೊ.
ಪುಟ್ಟ ತೆಪ್ಪದಲ್ಲಿ ಕೂತು, ನಾಲಿಗೆ ಕಚ್ಚಿಕೊಂಡು,
ಗೆರೆಯನ್ನೇ ಮೇಲೆ ಎಳೆಯುತ್ತಿದ್ದಾನೆ.
ಬಣ್ಣದ ಡಬ್ಬಿ ಹಿಡಿದು ನಾನು ಬಗ್ಗಿದ್ದೇನೆ.