ಜಮಾ

ಸಾಸ್ಕಟೂನಿನ ಜನವರಿ.
ಶಾಲೆ ಬಸ್ಸಿನ ಬೀಗದ ಕೈ ಮೊಳೆಗೆ ನೇತುಹಾಕಿ
ಕೈಗವಸು ಕಳಚದೆಯೇ
ಫೋನಿನ ಬಿಲ್ಲು ಒಡೆಯುತ್ತಾಳೆ ಲೆಸ್ಯಾ.
ಜಮಾ: ಆರು ಡಾಲರ್ ನಲವತ್ತು.
ಯಾಕೆ, ಯಾರಿಂದ, ಸೊಲ್ಲಿಲ್ಲ.

ಹೆಚ್ಚು ಹಾಕಿದರೆ ಜಗಳ ಆಡಬಲ್ಲಳು,
ಆಡಿ ಗೆದ್ದ ರಸೀದಿಗಳಿವೆ ಬಿಸ್ಕತ್ತಿನ ಡಬ್ಬಿಯಲ್ಲಿ.
ಕಡಿಮೆ ಹಾಕಿದವರ ಮೇಲೆ
ಹೇಗೆ ಏರಿ ಹೋಗುವುದು?

ನಲವತ್ತು ನಿಮಿಷ ಕಾದಮೇಲೆ ಸಿಕ್ಕ ಹುಡುಗ
‘ಕಾರಣದ ಜಾಗ ಖಾಲಿ ಇದೆ, ಇಟ್ಟುಕೊಳ್ಳಿ’ ಅಂದ.
ಶೀತವಾಗಿತ್ತು ಪಾಪ, ಮೂಗು ಕಟ್ಟಿತ್ತು.

ಇಟ್ಟುಕೊಂಡಳು,
ಸೌತೆ ಉಪ್ಪಿನಕಾಯಿಯ ಖಾಲಿ ಸೀಸೆಯಲ್ಲಿ,
ಅಷ್ಟಕ್ಕಷ್ಟೇ ಚಿಲ್ಲರೆ, ತಿಂಗಳು ತಿಂಗಳೂ.
ಇಂದಲ್ಲ ನಾಳೆ ಕೇಳಿಯೇ ಕೇಳುತ್ತಾರೆ.
ಹಾಕಿ ಕೋಲಿಗೆ ಟೇಪು ಬೇಕೆಂದು
ಮಗ ಮುಚ್ಚಳ ತಿರುಗಿಸಿದರೆ
‘ಮುಟ್ಟಬೇಡ, ಅದು ನಮ್ಮದಲ್ಲ!’
‘ಮತ್ತೆ ಯಾರದು?’
ಒಲೆಯ ಉರಿ ಸಣ್ಣ ಮಾಡಿದಳು.

ಏಪ್ರಿಲ್. ನದಿಯ ಹೆಪ್ಪು ಬಿರಿಯುವ ಸದ್ದು.
ಬಿಲ್ಲು ಬಂತು, ಚೊಕ್ಕ ಲೆಕ್ಕ,
ಜಮಾ ಇಲ್ಲ.
ಹಿಂದೆ ತಿರುವಿದಳು. ಲಕೋಟೆ ಕೊಡವಿದಳು.
ಇಲ್ಲದ ಸಾಲಿನ ಮೇಲೆ ಉಗುರಿಟ್ಟು
ನಂಬರು ಒತ್ತಿದಳು.
ಅದೇ ಹುಡುಗ, ಶೀತ ವಾಸಿಯಾದ ದನಿ:
‘ಹೇಳಿ ಮೇಡಂ, ಏನು ತೊಂದರೆ?’