ಏಳನೇ ಬಾವಿಯ ಪಂಕ್ತಿ

ಫ್ಯೂನ್ ದ್ವೀಪ, ಮಾರ್ಚ್, ಬೆಳಗಿನ ಏಳು.
ಕೊಳವೆಯ ಮುಚ್ಚಳಕ್ಕೆ ಹೆಪ್ಪುಗಟ್ಟಿದ ಹಿಮವನ್ನು
ಎಸ್ಕಿಲ್ ಥರ್ಮಾಸಿನ ಕಾಫಿ ಸುರಿದು ಕರಗಿಸುತ್ತಾನೆ.
ನನಗೆ ಉಳಿದದ್ದು ಅರ್ಧ ಲೋಟ.

ಇಲ್ಲೊಂದು ಡ್ರೈಕ್ಲೀನಿಂಗ್ ಅಂಗಡಿ ಇತ್ತು.
ಮದುವೆಯ ಕೋಟು, ಪಾದ್ರಿಯ ಕರಿ ನಿಲುವಂಗಿ,
ಬ್ಯಾಂಡಿನವರ ಕೆಂಪು ಸಮವಸ್ತ್ರ
ನೀರು ಸೋಕದೆ ಮಡಿಯಾಗುತ್ತಿದ್ದವು.
ಕೊಳೆ ಮಾತ್ರ ಹಿತ್ತಿಲ ಮೋರಿಗೆ.
ಮೂವತ್ತು ವರ್ಷ ಇಳಿಯಿತು, ನೀರಿಗಿಂತ ಭಾರ,
ಮರಳು ದಾಟಿ, ಜೇಡಿ ಸಿಕ್ಕಲ್ಲಿ ಕೂತು,
ಅಣುವೊಂದೊಂದೂ ನಾಲ್ಕು ಕ್ಲೋರಿನ್ ಗುಂಡಿ ತೊಟ್ಟು.

ಗುಂಡಿ ಬಿಚ್ಚುವ ಜೀವಗಳೂ ಅಲ್ಲೇ ಇದ್ದವು.
ನಾವು ಗಾಳಿ ಎಳೆದ ಹಾಗೆ ಅವು ಅದನ್ನೇ ಎಳೆಯುತ್ತವೆ.
ಆದರೆ ಹಸಿದಿದ್ದವು.

ಉಣಿಸಿದೆವು. ಮೊದಲ ವರ್ಷ ಧಾರಾಳ:
ಪೀಪಾಯಿಗಟ್ಟಲೆ ಕಾಕಂಬಿ, ಸಾರಜನಕ, ರಂಜಕ.
ಆ ಸಿಹಿಗೆ ಇಡೀ ನೆಲದಡಿ ಎದ್ದು ಕೂತಿತು.
ಕರೆಯದೆ ಬಂದವರು ಮೊದಲ ಪಂಕ್ತಿಯಲ್ಲೇ:
ಮೀಥೇನ್ ತೇಗುವವರು, ಕಬ್ಬಿಣ ಕರಗಿಸುವವರು,
ಕೊಳೆತ ಮೊಟ್ಟೆಯ ನಾತ ಬಿಡುವವರು.
ಯಾರಿಗಾಗಿ ಅಡುಗೆಯೋ ಅವರ ಎಲೆ ಖಾಲಿ.

ಕೆಲಸ ಮುಕ್ಕಾಲಿಗೆ ನಿಂತಿತು.
ನಾಲ್ಕು ಗುಂಡಿ ಮೂರಾಗಿ, ಮೂರು ಎರಡಾಗಿ,
ಎರಡು ಒಂದಾಗಿ, ಅಲ್ಲೇ.
ವಿನೈಲ್ ಕ್ಲೋರೈಡ್.
ಮುತ್ತಜ್ಜನಿಗಿಂತ ಕೇಡಿಗ ಮರಿಮಗ.

ಅಂಗಡಿಯ ಒಡತಿ ಥೋರಾ, ಎಂಬತ್ತೊಂದು,
ಬೇಲಿಯಾಚೆಯಿಂದ ಕೇಳಿದಳು:
"ನಾನು ಸುರಿದದ್ದು ವಿಷ ಅಂದಿರಿ. ನೀವು ಸುರಿದದ್ದು?"
ವರದಿಯಲ್ಲಿ ಈ ಪ್ರಶ್ನೆಗೆ ಕಾಲಂ ಇರಲಿಲ್ಲ.

ಆಮೇಲೆ ಕೈ ಬಿಗಿ ಹಿಡಿದೆವು.
ಸಿಹಿ ಬೇಡ; ನೀರಲ್ಲಿ ಕಡೆದ ಸೋಯಾ ಎಣ್ಣೆ,
ವರ್ಷಗಟ್ಟಲೆ ಜಿನುಗುವಂಥದ್ದು,
ಚಿಟಿಕೆ ಬಿ-ಹನ್ನೆರಡು.
ಇಷ್ಟು ತೆಳುವಾದ ಊಟದಲ್ಲಿ ಹೊಟ್ಟೆಬಾಕರಿಗೆ ಬದುಕಾಗದು.
ಇವಕ್ಕೆ ಸಾಕು. ಮೊದಲಿಂದಲೂ ಇಷ್ಟೇ ಸಾಕಿತ್ತು;
ಬಡಿಸುವ ಕೈ ತಡೆಯಲು ನಮಗೇ ಎರಡು ವರ್ಷ ಹಿಡಿಯಿತು.

ಇವತ್ತು ಏಳನೇ ಬಾವಿ. ಪಂಪು ಕೆಮ್ಮಿ, ಬಗ್ಗಡ ಉಗಿದು,
ತಿಳಿಯಾಯಿತು. ಸೀಸೆ ತುಂಬಿ, ಒಂದು ಗುಳ್ಳೆಯೂ ನಿಲ್ಲದಂತೆ
ಮುಚ್ಚಳ ತಿರುವಿದೆ. ಹಿಂದಿನ ಸಲ ಇಲ್ಲೇ
ಎಥಿಲೀನ್ ಸಿಕ್ಕಿತ್ತು, ಒಂದೂ ಗುಂಡಿಯಿಲ್ಲದ್ದು,
ಕಾಯಿಗಳು ಹಣ್ಣಾಗುವಾಗ ತಾವೇ ಬಿಡುವ ಅದೇ ಅನಿಲ.
ಒಂಬತ್ತನೆಯದರಲ್ಲಿ ಇನ್ನೂ ಇಲ್ಲ.

ಥೋರಾಗೆ ಹೇಳಿದೆ. ನಂಬಿದಳೋ ಇಲ್ಲವೋ,
ಒಳಗೆ ಹೋಗಿ ಒಂದು ಪೇರ್ ಕಾಯಿ ತಂದು
ತೊಟ್ಟಿನ ಬಳಿ ಒತ್ತಿ ನೋಡಿ ಕೊಟ್ಟಳು. ಕಲ್ಲಿನ ಹಾಗಿತ್ತು.
"ಕಿಸೆಯಲ್ಲಿಟ್ಟುಕೋ," ಅಂದಳು, "ಗುರುವಾರಕ್ಕೆ ಆಗುತ್ತೆ."