ಮಂಜಿ ಬಿಸ್ಕತ್ತು

ಹೊಯಿಗೆ ಬಜಾರಿನ ಹಂಚಿನ ಕಾರ್ಖಾನೆಯ ಗೋಡೆಗೆ ಒರಗಿ
ಲಿಗೋರಿ ಪೊರ್ಬುಗಳ ಬೇಕರಿ.
ಬೋರ್ಡಿರಲಿಲ್ಲ. ಹೊಗೆ ಇತ್ತು.
ಗಾಜಿನ ಭರಣಿಯಲ್ಲಿ, ಮೇಲಿನಿಂದ ಎರಡನೆಯ ಸಾಲು,
ಮಂಜಿ ಬಿಸ್ಕತ್ತು.
ಅಂಗೈಯಗಲ, ಶುಂಠಿ, ಓಲೆಬೆಲ್ಲ,
ನಡುವೆ ಅಚ್ಚೊತ್ತಿದ ಹಾಯಿಹಡಗು.
ಬಂದರಿನಲ್ಲಿ ದ್ವೀಪಕ್ಕೆ ಅಕ್ಕಿ, ನೀರುಳ್ಳಿ ತುಂಬಿಸಿಕೊಳ್ಳುವ
ನಿಜದ ಮಂಜಿಗಳನ್ನು ನೋಡಿದವರೇ ನಾವು.
ಇದಕ್ಕೆ ಮಾತ್ರ, ಅಚ್ಚಿನ ಮೂಲೆ ಎಂದೋ ಮುರಿದು,
ಚುಕ್ಕಾಣಿ ಇರಲಿಲ್ಲ.
ನಾನು ಹಾಯಿಯಿಂದ ತಿನ್ನುತ್ತಿದ್ದೆ,
ತಮ್ಮ ವಾಮನ ತಳದಿಂದ.
ಮುಳುಗುವುದಿದ್ದರೆ ಹಾಗೇ ಮುಳುಗುವುದಂತೆ.

ಹತ್ತು ಪೈಸೆಗೆ ಒಂದು.
ಶನಿವಾರ ಬೀಡಿ ಬ್ರಾಂಚಿನಲ್ಲಿ ಲೆಕ್ಕ.
ಚೆಕ್ಕರ್ ಕಟ್ಟು ಬಿಚ್ಚಿ, ಒಂದೊಂದನ್ನೇ ಹಿಸುಕಿ,
"ಇದು ಸಡಿಲ ದೇಜು, ಇದಕ್ಕೆ ತಲೆಯೇ ಇಲ್ಲ" ಎಂದು
ಬದಿಗೆಸೆದದ್ದು ಎಷ್ಟು ಎಂಬುದರ ಮೇಲೆ
ನಮಗೆ ಎರಡೋ, ಅರ್ಧರ್ಧವೋ.
ಒಂದು ಶನಿವಾರ ಏನೂ ಇಲ್ಲ.
ಅಂದು ಅಮ್ಮ ದಾರಿಯುದ್ದಕ್ಕೂ ಮಾತಾಡಲಿಲ್ಲ,
ಬೇಕರಿಯ ಮುಂದೆ ಮಾತ್ರ
ಸೆರಗು ಸರಿಮಾಡಿಕೊಂಡು ಸ್ವಲ್ಪ ಬೇಗ ನಡೆದಳು.

ಬೇಕರಿ ಮುಚ್ಚಿದ್ದು ಯಾವಾಗ?
ಗ್ಲೂಕೋಸು ಪ್ಯಾಕೆಟ್ಟು ಎಲ್ಲ ಅಂಗಡಿಗೂ ಬಂದ ಮೇಲೆ.
ವಾಮನ ಎಂಬತ್ತಾರು ಎನ್ನುತ್ತಾನೆ, ನಾನು ಎಂಬತ್ತೊಂಬತ್ತು.
ಇಬ್ಬರಿಗೂ ಈಗ ಸಕ್ಕರೆ ಕಾಯಿಲೆ,
ಜಗಳಕ್ಕಾದರೂ ಸಿಹಿ ಬೇಕಲ್ಲ.

ಈ ಏಪ್ರಿಲಿನಲ್ಲಿ ನಾನೇ ಹುಡುಕಿಕೊಂಡು ಹೋದೆ.
ವೆಲೆನ್ಸಿಯಾದಲ್ಲಿ, ಮಗಳ ಫ್ಲ್ಯಾಟಿನಲ್ಲಿ, ಮೂರನೆಯ ಮಾಳಿಗೆ:
ತೊಂಬತ್ತಕ್ಕೆ ಎರಡು ಕಮ್ಮಿ, ಕಿವಿ ದೂರ.
"ಮಂಜಿಯಾ? ಅದನ್ನು ಕೇಳುವವರು ಇನ್ನೂ ಉಂಟಾ ಮಾರಾಯ್ತಿ!"
ಮಂಚದಡಿಯ ಟ್ರಂಕಿನಿಂದ ಅಚ್ಚು ತೆಗೆದರು,
ಹಲಸಿನ ಮರದ್ದು, ಎಣ್ಣೆ ಕುಡಿದು ಕಪ್ಪಾದದ್ದು.
ಮಗಳ ಓವನ್ನಿಗೆ ಬೈಯುತ್ತ ಬೈಯುತ್ತ
ಹದಿನಾಲ್ಕು ಬೇಯಿಸಿದರು.
ಎರಡು ಕರಕಾದವು. ಹನ್ನೆರಡು ತೇಲಿದವು.

ವಾಮನ ಒಂದು ತಿಂದು, ಕಣ್ಣು ಮುಚ್ಚಿ,
"ಅದೇ. ಅಚ್ಚು ಅದೇ" ಅಂದ.
ನಾನು ತಿಂದೆ. ಅದಲ್ಲ.
ಶುಂಠಿ ಸರಿ, ಬೆಲ್ಲ ಸರಿ, ಅಡಿ ಸೀದ ಕಹಿಯೂ ಸರಿ.
ಏನೋ ಒಂದು ಬಾಗಿಲ ಹಿಂದೆ ನಿಂತದ್ದು
ಕರೆದರೂ ಒಳಗೆ ಬರುವುದಿಲ್ಲ.
ಪೊರ್ಬುಗಳಿಗೆ ಹೇಳಲಿಲ್ಲ. ಎರಡನೆಯದನ್ನೂ ತಿಂದೆ.

ರಾತ್ರಿ ಮೂರಕ್ಕೆ ಎಚ್ಚರ.
ಅಮ್ಮ ಬಿಸ್ಕತ್ತನ್ನು ಎಲ್ಲಿಡುತ್ತಿದ್ದಳು?
ಕೈಚೀಲವೆಂಬುದು ಬೇರೆ ಇತ್ತೇ ಅವಳಿಗೆ?
ಬೀಡಿಯ ಬುಟ್ಟಿಯಲ್ಲೇ,
ಮುಂದಿನ ವಾರಕ್ಕೆಂದು ತೂಗಿಕೊಟ್ಟ ಹೊಗೆಸೊಪ್ಪಿನ ಪೊಟ್ಟಣಕ್ಕೂ
ಎಲೆಯ ಕಟ್ಟಿಗೂ ನಡುವೆ,
ಹೊಯಿಗೆ ಬಜಾರಿನಿಂದ ಜೆಪ್ಪುವಿನ ತನಕ, ಬಿಸಿಲಿನಲ್ಲಿ.
ಮಂಜಿ ಆ ಸರಕು ಹೊತ್ತು ಬರುತ್ತಿತ್ತು.

ಬೆಳಿಗ್ಗೆ ಮೋರ್ಗನ್ಸ್‌ಗೇಟಿನ ಗೂಡಂಗಡಿ.
"ಒಂದು ಕಟ್ಟು ಬೀಡಿ."
ಹುಡುಗ ನನ್ನ ಬಿಳಿ ತಲೆ ನೋಡಿದ, ಕನ್ನಡಕ ನೋಡಿದ,
ಬೆಂಕಿಪೆಟ್ಟಿಗೆಯೂ ಬೇಕಾ ಎಂದು ಮೆಲ್ಲಗೆ ಕೇಳಿದ.
ಬೇಡ ಅಂದೆ.
ಅಲ್ಲೇ ನಿಂತು ಕಟ್ಟು ಬಿಚ್ಚಿ, ಒಂದೊಂದನ್ನೇ ಹಿಸುಕಿದೆ.
ನಾಲ್ಕು ಸಡಿಲ, ಎರಡಕ್ಕೆ ತಲೆಯಿಲ್ಲ.
ಆ ಚೆಕ್ಕರ್ ಇದನ್ನು ಕಾಣಬೇಕಿತ್ತು.

ಡಬ್ಬಿಯಲ್ಲಿ ಉಳಿದ ಐದು ಬಿಸ್ಕತ್ತು, ಜತೆಗೆ ಬೀಡಿ,
ಬಿಗಿ ಮುಚ್ಚಳ. ಮೂರು ದಿನ.
ನಾಲ್ಕನೆಯ ದಿನ ನಾನು ಮೊಣಕಾಲು ಹಿಡಿದು ಏಳುವುದರೊಳಗೆ
ವಾಮನನ ಮೊಮ್ಮಗ ಮನ್ವಿತ್ ಸ್ಟೂಲು ಹತ್ತಿ,
ಒಂದನ್ನು ಕಚ್ಚಿ,
ಥೂ ಎಂದು ಸಿಂಕಿಗೆ ಉಗಿದ.
"ಅಜ್ಜೀ, ಬೀಡಿ ವಾಸನೆ!"

ಹೌದಾ, ಅಂದೆ.
ಹೌದಾ ಮಗ?
ಎಲ್ಲಿ, ಇತ್ತ ಕೊಡು.